ಪಶ್ಚಿಮ ಯುರೋಪಿನಲ್ಲಿ ಸಿಕ್ಕ ಕನ್ನಡ

ಮನುಷ್ಯನ ದುಃಖಕ್ಕೆಲ್ಲ ಮೂಲ ಅವನಿಗೆ ಅರ್ಥವಾಗದೆ ಉಳಿದ ಸಂಗತಿಗಳು. ಅರ್ಥವಾದ ದಿನ ಅವನು ಸುಖಿ. ಈ ಮಾತನ್ನು ನಾನು ಕೋರ್ಟಿನಲ್ಲಿ ಗುಮಾಸ್ತನಾಗಿದ್ದಾಗ ಬಹುಕಾಲ ನಂಬಿದ್ದೆ. ಒಂದೆರಡು ಬೀಳ್ಕೊಡುಗೆ ಸಮಾರಂಭಗಳಲ್ಲಿ ಮೈಕಿನ ಮುಂದೆ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ. ಮಾತು ಶುದ್ಧ ಸುಳ್ಳು. ನಮ್ಮ ಬೀದಿಯಲ್ಲೇ ಇದ್ದ ಒಬ್ಬರು, ಊರಿನಲ್ಲಿ ಯಾರಿಗೂ ಅರ್ಥವಾಗದ ಒಂದು ಗಾಜಿನ ಮುಂದೆ ಕೂತು ಪರಮಸುಖಿಯಾಗಿದ್ದುದನ್ನು ಕಂಡಿದ್ದೇನೆ. ಅದು ಎಲ್ಲರಿಗೂ ಅರ್ಥವಾದ ದಿನವೇ ಅವರ ಮುಖ ಬಾಡಿದ್ದು.

ಅವರು ಹೋದ ತಿಂಗಳು ತೀರಿಕೊಂಡರು. ಶಿಕಾರಿಪುರದಲ್ಲಿ ಶ್ರದ್ಧಾಂಜಲಿ ಸಭೆ ಆಯಿತು. ಶಿಸ್ತು, ಸಮಯಪಾಲನೆ, ಸರಳತೆ ಎಂಬ ಗುಣಗಳನ್ನು ನಮ್ಮೂರಿನಲ್ಲಿ ಸತ್ತವರಿಗೆಲ್ಲ ಸಮನಾಗಿ ಹಂಚುತ್ತೇವೆ. ಅವರ ಪಾಲೂ ಅವರಿಗೆ ಸಂದಿತು. "ನೀವು ಹತ್ತಿರದವರು, ಎರಡು ಮಾತು ಹೇಳಿ" ಎಂದರು. ನಾನು "ದೊಡ್ಡ ನಷ್ಟ" ಎಂಬ ಎರಡು ಮಾತು ಹೇಳಿ ಕೂತುಬಿಟ್ಟೆ. ಉಳಿದದ್ದು ಹಾರ ಹಾಕಿದ ಫೋಟೋದ ಎದುರು ನಿಂತು ಹೇಳುವಂಥದ್ದಾಗಿರಲಿಲ್ಲ.

ಅವರದು ಟೈಪಿಂಗ್ ಇನ್‌ಸ್ಟಿಟ್ಯೂಟು. ನಾವೆಲ್ಲ ಅವರನ್ನು ಮಾಸ್ತರ್ ಎನ್ನುತ್ತಿದ್ದೆವು. ಹಣೆಗೆ ವಿಭೂತಿ, ತೋಳು ಮಡಿಚದ ಬಿಳಿ ಅಂಗಿ, ಜೇಬಿನಲ್ಲಿ ಮಷೀನಿನ ಹಲ್ಲು ತಿಕ್ಕುವ ಹಳೆಯ ಬ್ರಷ್ಷು. ತಾಲ್ಲೂಕಿನ ಕಚೇರಿಗಳಲ್ಲಿ ಯಾವ ಕುರ್ಚಿಯಲ್ಲಿ ಯಾರು ಕೂತು ಟೈಪು ಕುಟ್ಟುತ್ತಿದ್ದರೂ ಅವರ ಬೆರಳು ಮಾಸ್ತರ್ ತಿದ್ದಿದ ಬೆರಳೇ. ನನ್ನವೂ ಹೌದು. ಕೀಲಿಗಳನ್ನು ನೋಡಿ ಒತ್ತಬಾರದೆಂದು ಪ್ರತಿ ಮಷೀನಿಗೂ ತಗಡಿನ ಮುಚ್ಚಳ ಮಾಡಿಸಿದ್ದರು. ಕೈ ಮುಚ್ಚಳದೊಳಗೆ, ಕಣ್ಣು ಎದುರಿನ ಕಾಪಿಯ, ಅಂದರೆ ನೋಡಿ ಹೊಡೆಯಬೇಕಾದ ಮೂಲದ ಮೇಲೆ. ಅವರು ಮಾತ್ರ ಹೊರಗೆ ಜಗಲಿಯ ಮೇಲೆ ಬೆನ್ನು ಮಾಡಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಒಳಗಿನ ಸದ್ದು ಕೇಳಿಯೇ ಕೂಗುತ್ತಿದ್ದರು:

"ಏ, ಕಿಟಕಿ ಪಕ್ಕದ ಮಷೀನು! ಎಡಗೈ ಕಿರುಬೆರಳು ಮಲಗೈತೆ, ಎಬ್ಬಿಸು!"

ಅವರ ಶಾಸ್ತ್ರದಲ್ಲಿ ರೋಗ ಒಂದೇ. ಕಾಗದದ ಮೇಲೆ ಅಕ್ಷರ ತಪ್ಪಿದ್ದರೆ ಬೆರಳು ತಪ್ಪಿದೆ. ರಿಬ್ಬನ್ನಿನ ತಪ್ಪು, ಕರೆಂಟಿನ ತಪ್ಪು, ಹಣೆಬರಹದ ತಪ್ಪು ಇವೆಲ್ಲ ಸೋಮಾರಿಗಳ ನೆಪ. ಬೆರಳು ಒಂದು ಮನೆ ಬಲಕ್ಕೆ ಸರಿದರೆ ಇಡೀ ಪುಟ ಹೇಗೆ ಹುಚ್ಚುಹಿಡಿದ ಭಾಷೆಯಾಗುತ್ತದೆ ಎಂದು ತೋರಿಸಲು ತಾವೇ ಹಾಗೆ ಟೈಪು ಮಾಡಿ, ಆ ಹುಚ್ಚನ್ನು ನಿರರ್ಗಳವಾಗಿ ಓದಿ, ಸರಿಯಾದ ವಾಕ್ಯ ಹೇಳುತ್ತಿದ್ದರು. ಹುಡುಗಿಯರು ನಗುತ್ತಿದ್ದರು. ಮಾಸ್ತರ್ ನಗುತ್ತಿರಲಿಲ್ಲ.

ಅವರ ಇನ್ನೊಂದು ಶಾಸನ: "ಕಾಪಿಯಾಗ ಇದ್ದದ್ದು ಬಿಡಬಾರದು, ಇಲ್ಲದ್ದು ಸೇರಿಸಬಾರದು." ಒಮ್ಮೆ ಉಡುತಡಿಯ ಕಡೆಯ ರೈತನೊಬ್ಬ ದಾಯಾದಿಗಳ ಮೇಲೆ ತಕರಾರು ಅರ್ಜಿ ಬರೆಸಿಕೊಂಡು ಟೈಪಿಗೆ ತಂದ. ಬರೆದವನು ಬೀಡಿ ಸೇದುತ್ತ ಬರೆದಿದ್ದನೋ ಏನೋ, 'ದಾಯಾದಿಗಳು ಸದರಿ ಜಮೀನನ್ನು ನನಗೇ ಬಿಟ್ಟುಕೊಟ್ಟು ಘೋರ ಅನ್ಯಾಯ ಎಸಗಿರುತ್ತಾರೆ' ಎಂದು ಬರೆದುಕೊಟ್ಟಿದ್ದ. ಮಾಸ್ತರ್ ಅದನ್ನು ಒಂದು ಚುಕ್ಕೆಯೂ ಬಿಡದೆ, ಅಂಚು ಬಿಟ್ಟು, ಅಚ್ಚುಕಟ್ಟಾಗಿ ಟೈಪು ಮಾಡಿಕೊಟ್ಟರು. ಅರ್ಜಿ ತಹಸೀಲ್ದಾರರ ಕಚೇರಿಯಿಂದ ನಗೆಯ ಸಮೇತ ವಾಪಸು ಬಂತು. ರೈತ ಬಂದು ಜಗಲಿಯಲ್ಲಿ ನಿಂತು ಕೂಗಾಡಿದ.

"ಅಲ್ರೀ ಮಾಸ್ತರ್ರೇ, ಓದಿದ ಮ್ಯಾಲಾದ್ರೂ ನಿಮಗ ಗೊತ್ತಾಗಬಾರ್ದಾ?"

"ಗೊತ್ತಾತಪ್ಪ."

"ಮತ್ತ ಹೇಳಬಾರ್ದಿತ್ತಾ?"

"ನಾನು ಟೈಪಿಸ್ಟು, ವಕೀಲ ಅಲ್ಲ. ಕಾಪಿಯಾಗ ಇದ್ದದ್ದು ಬಂದೈತೆ."

ಇಂಥ ಮನುಷ್ಯನ ಮೇಲೆ ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಕಂಪ್ಯೂಟರು ಬಂದು ಬಿತ್ತು. ಕಚೇರಿಗಳಲ್ಲಿ ಟೈಪು ಮಷೀನುಗಳಿಗೆ ಬಟ್ಟೆ ಹೊದಿಸಿದರು. ಇನ್‌ಸ್ಟಿಟ್ಯೂಟಿನಲ್ಲಿ ಸದ್ದು ದಿನದಿನಕ್ಕೆ ಕಮ್ಮಿಯಾಯಿತು. ಮಾಸ್ತರ್ ಜಗಲಿಯ ಮೇಲೆ ಕೂತು ಬೈಯಲು ಬೆರಳೇ ಇಲ್ಲದೆ ಸುಮ್ಮನೆ ಎಲೆ ಅಗಿಯುವಂತಾಯಿತು. ಕೊನೆಗೆ ಅವರೂ ದಾವಣಗೆರೆಯಿಂದ ಒಂದು ಕಂಪ್ಯೂಟರು ತಂದರು. ಪೂಜೆ ಮಾಡಿದರು, ಅದರ ಪರದೆಯ ಗಾಜಿನ ಮೇಲ್ಭಾಗಕ್ಕೆ ತಮ್ಮ ಹಣೆಯಂತೆಯೇ ವಿಭೂತಿ ಎಳೆದರು, ಮೊದಲ ವಾರದಲ್ಲೇ ಅದರ ಕೀಲಿಮಣೆಗೊಂದು ತಗಡಿನ ಮುಚ್ಚಳ ಮಾಡಿಸಿದರು.

ಆದರೆ ಶಿಕಾರಿಪುರದಲ್ಲಿ ಆಗಲೇ ಬೇರೆಯವರು ಕಂಪ್ಯೂಟರ್ ಸೆಂಟರ್ ತೆರೆದಿದ್ದರು. ಮಾಸ್ತರ್ ಕಣ್ಣು ಸೊರಬದ ಮೇಲೆ ಬಿತ್ತು. ಅಲ್ಲಿ ಬಸ್‌ ಸ್ಟ್ಯಾಂಡಿನ ಎದುರು ಅಡಿಕೆ ಮಂಡಿಯ ಸಾಹುಕಾರರೊಬ್ಬರ ಮಳಿಗೆಗಳಿದ್ದವು, ಅದರಲ್ಲೊಂದು ಖಾಲಿ. ಬಸ್ಸಿನಿಂದ ಇಳಿದ ವಿದ್ಯಾರ್ಥಿ ನೇರವಾಗಿ ಬಾಗಿಲೊಳಗೆ ಬೀಳುವಂಥ ಜಾಗ. ಅದು ಸಿಕ್ಕರೆ ಇನ್‌ಸ್ಟಿಟ್ಯೂಟು ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ. ಇದನ್ನು ಅವರು ನನಗೆ ಬಾಯಿಬಿಟ್ಟು ಹೇಳಲಿಲ್ಲ. ಅವರ ಹೆಂಡತಿ ಹೇಳಿದರು. ಅದೇ ಮಳಿಗೆಗೆ ಬೇಕರಿಯವನೊಬ್ಬ ಓಡಾಡುತ್ತಿದ್ದಾನೆ ಎಂಬುದನ್ನೂ ಅವರೇ ಸೇರಿಸಿದರು.

ಸಾಹುಕಾರರು ಬೇಕರಿಗೆ ಒಲಿದಿರಲಿಲ್ಲ, ಮಾಸ್ತರಿಗೂ ಒಲಿದಿರಲಿಲ್ಲ. ಅವರು ಯಾವ ಮೂಟೆಯನ್ನೂ ಮೇಲಿನ ಅಡಿಕೆ ನೋಡಿ ಕೊಂಡವರಲ್ಲ. ತೋಳು ಮಡಚಿ ಕೈಯನ್ನು ತಳದವರೆಗೆ ಇಳಿಸಿ ಅಲ್ಲಿಂದ ಹಿಡಿ ತೆಗೆದು ನೋಡುವವರು. ವ್ಯಾಪಾರ ಕುದುರದೆ ಒಲ್ಲೆ ಎಂದ ಮೂಟೆಯ ತಳವನ್ನೂ ಒಮ್ಮೆ ನೋಡಿಯೇ ಕಳಿಸುತ್ತಿದ್ದರಂತೆ. ಮಾಸ್ತರಿಗೆ ಹೇಳಿದ್ದು ಇಷ್ಟು:

"ಇಂಟರ್ನೆಟ್ಟು ಅಂತೀರಿ, ಸರಿ. ಅದರಾಗೆ ಕನ್ನಡ ಬರ್ತದಾ? ನಮ್ಮ ಕಡೆ ಮಕ್ಕಳು ಓದಿದ್ದು ಕನ್ನಡ ಶಾಲೆ ಮಾರಾಯ್ರೆ. ಇಂಗ್ಲಿಷ್ ಬರೋವ್ರು ಶಿವಮೊಗ್ಗಕ್ಕೆ ಹೋಗ್ತಾರೆ. ಕನ್ನಡ ಬಂದದ್ದು ಕಣ್ಣಿಂದ ತೋರಿಸಿ, ಕೀಲಿ ಕೊಡ್ತೀನಿ."

"ಬರದೇನ್ರೀ ಸಾವ್ಕಾರ್ರೇ! ಕನ್ನಡ ಪೇಪರೇ ಬರ್ತೈತೆ ಅದರಾಗ" ಎಂದು ಮಾಸ್ತರ್ ಮಾತು ಕೊಟ್ಟು ಬಂದರು. ಪತ್ರಿಕೆ ಬರುತ್ತದೆಂದು ಅವರು ಪತ್ರಿಕೆಯಲ್ಲೇ ಓದಿದ್ದರು. ಬಂದದ್ದನ್ನು ನೋಡಿರಲಿಲ್ಲ.

ಒಂದು ಸಂಜೆ ನನಗೆ ಕರೆ ಬಂತು. ಇಂಗ್ಲಿಷಿನಲ್ಲಿರುವ ಮೆನು ಓದಿ ಹೇಳುವುದಕ್ಕೆ ನಾನು. ಕೋರ್ಟಿನ ಇಂಗ್ಲಿಷಿಗೆ ಅಷ್ಟರ ಮಟ್ಟಿಗೆ ಊರಿನಲ್ಲಿ ಗೌರವವಿತ್ತು. ಫೋನಿನ ತಂತಿಗೆ ಸಿಕ್ಕಿಸಿದ ಮೋಡೆಮ್ಮು ಗಂಟಲಲ್ಲಿ ಮುಳ್ಳು ಸಿಕ್ಕಿದ ಬೆಕ್ಕಿನಂತೆ ಕೂಗಿ, ಗೊಣಗಿ, ಸುಮ್ಮನಾಯಿತು. ಪತ್ರಿಕೆಯ ಪುಟ ಮೇಲಿನಿಂದ ಕೆಳಕ್ಕೆ ನಿಧಾನವಾಗಿ, ಹೊಸ ಸೊಸೆ ತಲೆಯ ಸೆರಗು ಸರಿಸಿದ ಹಾಗೆ ತೆರೆದುಕೊಂಡಿತು. ಫೋಟೋ ಬಂತು, ಗೆರೆ ಬಂತು, ಕೊನೆಗೆ ಅಕ್ಷರವೂ ಬಂತು. ಯಾವ ಅಕ್ಷರ? ತಲೆಯ ಮೇಲೆ ಟೋಪಿ ಇಟ್ಟ ಇಂಗ್ಲಿಷ್ 'ಎ', ಅದರ ಪಕ್ಕ ಸೊನ್ನೆ ಹೊತ್ತ ಇನ್ನೊಂದು 'ಎ', ಬಾಲ ಬಿಟ್ಟ 'ಸಿ', ನಡುನಡುವೆ ಬ್ರಿಟಿಷ್ ಪೌಂಡಿನ ಗುರುತು, ಕಾಲುಭಾಗ ಅರ್ಧಭಾಗ ಎಂಬ ಲೆಕ್ಕದ ಚಿಹ್ನೆಗಳು. ಸಾಲುಸಾಲಾಗಿ, ಪುಟದ ತುಂಬ, ಯಾವ ಸಂಕೋಚವೂ ಇಲ್ಲದೆ.

ಮಾಸ್ತರ್ ಬಹಳ ಹೊತ್ತು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಮೂರು ದಶಕದ ಅನುಭವದಿಂದ ತೀರ್ಪು ಕೊಟ್ಟರು.

"ಬೆಂಗಳೂರಾಗ ಯಾವನೋ ಬೆರಳು ತಪ್ಪಿ ಇಟ್ಟಾನ್ರೀ."

ಮರುದಿನವೇ ಸಂಪಾದಕರಿಗೆ ಕಾರ್ಡು ಹೋಯಿತು: 'ತಮ್ಮ ಕಚೇರಿಯ ಬೆರಳಚ್ಚುಗಾರರ ಬೆರಳುಗಳು ಸ್ಥಾನಪಲ್ಲಟಗೊಂಡಿರುತ್ತವೆ. ಕೂಡಲೇ ಸರಿಪಡಿಸುವುದು. ಅಗತ್ಯವಿದ್ದಲ್ಲಿ ತಗಡಿನ ಮುಚ್ಚಳದ ನಮೂನೆ ಕಳುಹಿಸಿಕೊಡಲಾಗುವುದು.' ಉತ್ತರ ಬಂತು. 'ತಮ್ಮ ಬರಹವನ್ನು ಪ್ರಕಟಿಸಲಾಗುತ್ತಿಲ್ಲವೆಂದು ವಿಷಾದಿಸುತ್ತೇವೆ' ಎಂಬ ಅಚ್ಚು ಹಾಕಿದ ಚೀಟಿ.

ಕಂಪ್ಯೂಟರು ಮಾರಿದವನು ಬಂದ. ಅವನ ಶಾಸ್ತ್ರದಲ್ಲೂ ರೋಗ ಒಂದೇ. "ವೈರಸ್ಸು ಸಾರ್, ಫಾರ್ಮ್ಯಾಟ್ ಹೊಡೀಬೇಕು" ಎಂದ. ಹೊಡೆದ. ಮಾಸ್ತರ್ ಟೈಪು ಮಾಡಿಟ್ಟಿದ್ದ ಮದುವೆ ಕರೆಯೋಲೆಗಳೆಲ್ಲ ಕೈಲಾಸ ಸೇರಿದವು. ಟೋಪಿ ಇಟ್ಟ 'ಎ' ಮಾತ್ರ ಕೂದಲು ಕೊಂಕದೆ ವಾಪಸು ಬಂತು.

ಆಮೇಲೆ ನನ್ನ ಪಾಂಡಿತ್ಯದ ಸರದಿ. ಬ್ರೌಸರಿನ ಮೆನುವಿನಲ್ಲಿ ಎನ್‌ಕೋಡಿಂಗ್ ಎಂಬ ಒಂದು ಜಾಗ ಕಂಡುಹಿಡಿದೆ. ಪುಟದಲ್ಲಿರುವ ಅಕ್ಷರವನ್ನು ಯಾವ ಭಾಷೆಯದೆಂದು ತಿಳಿದು ತೋರಿಸಬೇಕು ಎಂದು ಯಂತ್ರಕ್ಕೆ ಹೇಳುವ ಪಟ್ಟಿ ಅದು. ನಾನು ಒಂದೊಂದೇ ದೇಶ ಓದುವುದು, ಮಾಸ್ತರ್ ಒತ್ತುವುದು. ಗ್ರೀಕ್ ಒತ್ತಿದೆವು, ನಮ್ಮ ಪತ್ರಿಕೆ ಗಣಿತದ ಪ್ರಶ್ನೆಪತ್ರಿಕೆಯಾಯಿತು. ರಷ್ಯಾ ಒತ್ತಿದೆವು, ಎಲ್ಲ ಅಕ್ಷರ ಬೆನ್ನು ತಿರುಗಿಸಿ ನಿಂತವು. ಜಪಾನು ಒತ್ತಿದಾಗ ಬರೀ ಚೌಕ, ಬಾಗಿಲು ಕಿಟಕಿ ಇಲ್ಲದ ಜನತಾ ಮನೆಗಳ ಸಾಲಿನ ಹಾಗೆ. ಅರಬಸ್ಥಾನ, ಬಾಲ್ಟಿಕ್ ಎಲ್ಲ ಸುತ್ತಿ ಕೊನೆಗೆ ತುರ್ಕಿಯಲ್ಲಿ ಬಂದು ಕೂತೆವು. ಅಲ್ಲೂ ಟೋಪಿ 'ಎ' ನಮಗಿಂತ ಮೊದಲೇ ಬಂದು ಕಾದಿತ್ತು.

"ಕನ್ನಡ ಎಲ್ಲೈತ್ರೀ ಗುಮಾಸ್ತರೇ?"

"ಪಟ್ಟಿಯಲ್ಲಿ ಇಲ್ಲ ಮಾಸ್ತರ್ರೇ."

"ಇಷ್ಟು ದೇಶ ಸುತ್ಯಾರಲ್ಲ, ಒಂದು ಸಲ ದಾವಣಗೆರೆ ಕಡೆ ಬರಾಕ ಇವರಿಗೇನಾಗಿತ್ತು?"

ಅವರ ಹೆಂಡತಿ ಚಹಾ ತಂದಿಟ್ಟು, ಗಾಜನ್ನೂ ಗಂಡನ ತೊಡೆಯ ಮೇಲಿದ್ದ ಅಂದಿನ ಪತ್ರಿಕೆಯನ್ನೂ ನೋಡಿ ಕೇಳಿದರು. "ಅಲ್ಲ, ಪೇಪರು ಕೈಯಾಗ ಐತೆ. ಮತ್ತ ಅದರಾಗ ಏನು ಹುಡುಕ್ತೀರಿ?"

 ಮಾಸ್ತರ್ ಕಣ್ಣು ಫಕ್ಕನೆ ತೊಡೆಯ ಮೇಲಿನ ಪತ್ರಿಕೆಗೆ ಹೋಯಿತು, ಅಲ್ಲಿಂದ ಗಾಜಿಗೆ ಬಂತು, ಮತ್ತೆ ಪತ್ರಿಕೆಗೆ ಹೋಯಿತು.

"ಬೆರಳು ತಪ್ಪಿದ್ರೂ ಒಂದೇ ಥರ ತಪ್ಪೈತೆ" ಎಂದರು. "ಹಂಗಂದ್ರೆ ಓದಬಹುದು."

ಇಲ್ಲಿಂದ ಮುಂದಿನ ಕೆಲವು ತಿಂಗಳು ಅವರು ಮಾಡಿದ್ದನ್ನು ಬೇರೆ ಯಾವುದೇ ಊರಿನಲ್ಲಿ ಯಾರಾದರೂ ಮಾಡಿದ್ದರೆ ಮನೆಯವರು ಡಾಕ್ಟರಿಗೆ ತೋರಿಸುತ್ತಿದ್ದರು. ಎಡಗೈಯಲ್ಲಿ ಅಚ್ಚಾದ ಪತ್ರಿಕೆ, ಎದುರಿಗೆ ಅದೇ ಪತ್ರಿಕೆಯ ಗಾಜಿನ ಅವತಾರ. ಅದನ್ನು ನೋಡಿ ಇದನ್ನು ಓದುವುದು. ದೊಡ್ಡ 'ಪಿ' ಎಂದರೆ ಕ. ಪೌಂಡಿನ ಗುರುತು ಎಂದರೆ ನ. 'ಎ' ಮೇಲೆ ಎಡಕ್ಕೆ ವಾಲಿದ ಗೀರಿದ್ದರೆ ತಲೆಕಟ್ಟು. ಕೆಲವು ವಾರದಲ್ಲಿ ಅವರಿಗೆ ಎಡಗೈಯ ಪತ್ರಿಕೆ ಬೇಡವಾಯಿತು. ನಾನು ಒಂದು ಸಂಜೆ ಹೋದಾಗ ಅವರು ಗಾಜಿನ ಮುಂದೆ ಕೂತು, ಟೋಪಿ, ಬಾಲ, ಪೌಂಡುಗಳ ಆ ಸಂತೆಯನ್ನು ಊರಿನ ಜೋಯಿಸರು ಪಂಚಾಂಗ ಓದುವಂತೆ ಸಲೀಸಾಗಿ ಓದುತ್ತ ಮುಗುಳುನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇದನ್ನ ಓದೋರು ರಾಜ್ಯದಾಗ ಎಷ್ಟು ಮಂದಿ ಇರಬಹುದ್ರೀ?" ಎಂದು ಕೇಳಿದರು.

"ನೀವೊಬ್ಬರೇ" ಎಂದೆ. ನಾನು ವ್ಯಂಗ್ಯವಾಗಿ ಹೇಳಿದ್ದು. ಅವರು ಪ್ರಶಸ್ತಿಯಾಗಿ ತೆಗೆದುಕೊಂಡರು.

ಆ ಪುಟದ ತಳದಲ್ಲಿ ಒಂದು ಸಾಲು ಮಾತ್ರ ಬಲದಿಂದ ಎಡಕ್ಕೆ ಸದಾ ಓಡುತ್ತಿತ್ತು. ಅದನ್ನು ಅವರು ಓದುತ್ತಿರಲಿಲ್ಲ. ಕೇಳಿದ್ದಕ್ಕೆ, "ಓಡೋದು ಕಾಪಿ ಅಲ್ರೀ, ಜಾಹೀರಾತು. ಕಾಪಿ ಅಂದ್ರೆ ನಿಂತಿರಬೇಕು" ಎಂದಿದ್ದರು. ನನಗೆ ಆ ವಾದ ಒಪ್ಪಿಗೆಯಾಯಿತು.

ಸಾಹುಕಾರರು ಹೇಳಿಕಳಿಸಿದರು: ಬೇಕರಿಯವನು ಅವಸರ ಮಾಡುತ್ತಿದ್ದಾನೆ, ತೋರಿಸುವುದಿದ್ದರೆ ಬಂದು ತೋರಿಸಿ. ಎರಡನೇ ಶನಿವಾರ ಕೋರ್ಟಿಗೆ ರಜೆ, ನಾನೂ ಹೊರಟೆ. ಕಂಪ್ಯೂಟರನ್ನು ಬಿಚ್ಚಿ, ಗಾಜಿನ ಭಾಗವನ್ನು ಕಂಬಳಿಯಲ್ಲಿ ಸುತ್ತಿ, ಶಿರಾಳಕೊಪ್ಪದ ಮೇಲೆ ಹೋಗುವ ಬೆಳಗಿನ ಮೊದಲ ಬಸ್ಸಿನಲ್ಲಿ ಹೇರಿಕೊಂಡೆವು. ಮಾಸ್ತರ್ ಅದನ್ನು ಬಾಣಂತಿ ಮಗುವನ್ನು ಹಿಡಿದಂತೆ ತೊಡೆಯ ಮೇಲೆ ಹಿಡಿದಿದ್ದರು. ಕಂಡಕ್ಟರ್ ಬಂದ.

"ಟಿವಿಗೆ ಲಗೇಜು ಆಗ್ತೈತೆ ಸಾರ್."

"ಇದು ಟಿವಿ ಅಲ್ಲಪ್ಪ, ವಿದ್ಯೆ."

"ವಿದ್ಯೆ ಸೀಟಿನ ಕೆಳಗ ಹೋದ್ರೆ ಲಗೇಜಿಲ್ಲ. ತೊಡಿ ಮ್ಯಾಲೆ ಕೂತ್ರೆ ಐತೆ."

ಸದರಿ ವಿದ್ಯೆಗೆ ಟಿಕೇಟು ಹರಿಸಿಕೊಂಡು ನಾವು ಸೊರಬ ಮುಟ್ಟಿದೆವು.

ಮಂಡಿಯಲ್ಲಿ ಸಾಹುಕಾರರು ಮೂಟೆಗೆ ಒರಗಿ ಕೂತಿದ್ದರು. ಅವರ ರೈಟರು, ಅಂದರೆ ಲೆಕ್ಕ ಬರೆಯುವವರು, ಕನ್ನಡಕ ಏರಿಸಿಕೊಂಡು ಸಾಕ್ಷಿಯಂತೆ ಪಕ್ಕದಲ್ಲಿ ನಿಂತರು. ಸಾಹುಕಾರರ ಫೋನಿನ ತಂತಿ ಬಿಚ್ಚಿ ನಮ್ಮ ಮೋಡೆಮ್ಮಿಗೆ ಸಿಕ್ಕಿಸಿದೆವು. ಬೆಕ್ಕು ಕೂಗಿತು. ಪುಟ ಇಳಿಯಿತು. ಟೋಪಿಗಳು ಬಂದವು.

ಸಾಹುಕಾರರು ಬಗ್ಗಿ ನೋಡಿದರು. "ಇದೆಂತ ಮಾರಾಯ್ರೆ? ಇರುವೆ ಶಾಯಿಯಲ್ಲಿ ಬಿದ್ದು ಓಡಾಡಿದ ಹಂಗಿದೆ."

"ಕನ್ನಡ" ಎಂದರು ಮಾಸ್ತರ್.

"ಇದು?"

"ಕನ್ನಡಾನೇ ಸಾವ್ಕಾರ್ರೇ. ಓದ್ತೀನಿ ಕೇಳ್ರಿ." ಬೆನ್ನು ನೆಟ್ಟಗೆ ಮಾಡಿಕೊಂಡು ಓದಿದರು. "ಕುಡಿಯುವ ನೀರಿನ ಸಮಸ್ಯೆ ಶೀಘ್ರ ಪರಿಹಾರ, ಸಚಿವರ ಭರವಸೆ."

ರೈಟರು ಕಿಸಕ್ಕನೆ ನಕ್ಕರು. ಸಾಹುಕಾರರು ನಗಲಿಲ್ಲ. "ಸಚಿವರ ಭರವಸೆ ಅಂದ್ರೆ ಓದದೇ ಹೇಳಬಹುದು ಮಾರಾಯ್ರೆ. ಬ್ಯಾರೆ ಓದಿ."

ಮಾಸ್ತರ್ ಬೆರಳಿಟ್ಟು ಒಂದು ಮೂಲೆಯ ಸಣ್ಣ ಸುದ್ದಿ ಓದಿದರು. ಒಂದು ಹಳ್ಳಿಯ ಹೋಟೆಲಿಗೆ ಬೆಳ್ಳಂಬೆಳಿಗ್ಗೆ ಕರಡಿ ನುಗ್ಗಿ ಬೆಲ್ಲದ ಡಬ್ಬಿ ಹೊತ್ತುಕೊಂಡು ಹೋಯಿತು. ಮಾಲೀಕರು ಒಲೆಯ ಹಿಂದೆ ಅವಿತು ಪಾರಾದರು. ಡಬ್ಬಿ ಮಾತ್ರ ಹಳ್ಳದ ದಂಡೆಯಲ್ಲಿ ಖಾಲಿ ಸಿಕ್ಕಿತು.

"ಕಟ್ಟಿ ಹೇಳ್ತಿದಾರೆ ಇವರು" ಎಂದರು ರೈಟರು. "ಕರಡಿ ಬಂದಾಗ ಡಬ್ಬಿ ಹೊತ್ತದ್ದು ನೋಡಿದೋರು ಯಾರು?"

ಆಗ ಪತ್ರಿಕೆ ತರುವ ಬಸ್ಸು ಸ್ಟ್ಯಾಂಡಿಗೆ ಬಂತು. ಬಂಡಲು ದೊಪ್ಪನೆ ಬಿತ್ತು. ಸಾಹುಕಾರರು ಒಂದು ಪ್ರತಿ ತರಿಸಿ, ರೈಟರಿಗೆ ಕೊಟ್ಟು, "ಹುಡುಕಿ ಕರಡಿನ" ಎಂದರು. ರೈಟರು ಪುಟ ತಿರುವಿದರು. ನಿಂತರು. ಕನ್ನಡಕ ತೆಗೆದು ಮತ್ತೆ ಹಾಕಿದರು. ಕರಡಿ ಇತ್ತು, ಡಬ್ಬಿ ಇತ್ತು, ಒಲೆಯ ಹಿಂದೆ ಮಾಲೀಕರೂ ಇದ್ದರು. ಹಳ್ಳದ ದಂಡೆಯ ತನಕ ಒಂದು ಮಾತೂ ಹೆಚ್ಚುಕಮ್ಮಿ ಇರಲಿಲ್ಲ.

 ಮಾಸ್ತರ್ ಎಲೆ ಅಡಿಕೆಯ ಚೀಲ ಬಿಚ್ಚಿದರು. ಗೆದ್ದವರು ಬಿಚ್ಚುವ ಹಾಗೆ, ನಿಧಾನವಾಗಿ. ನಾನು ಮನಸ್ಸಿನಲ್ಲೇ ಮಳಿಗೆಗೆ ಬೋರ್ಡು ಬರೆಸಿದೆ.

ಸಾಹುಕಾರರು ಇನ್ನೊಮ್ಮೆ ಗಾಜನ್ನು ನೋಡಿ ಹೇಳಿದರು. "ನಿಮ್ಮ ವಿದ್ಯೆ ದೊಡ್ಡದು ಮೇಷ್ಟ್ರೇ, ಕೈ ಮುಗೀತೀನಿ. ಆದ್ರೆ ಮಳಿಗೆ ಆಗೋದಿಲ್ಲ."

"ಯಾಕ್ರೀ? ಕನ್ನಡ ಬಂತಲ್ಲ?"

"ನಿಮಗೆ ಬಂತು. ನನಗೆಲ್ಲಿ ಬಂತು? ನಾಳೆ ಬಸ್ಸಿಳಿದು ಬರೋ ಹುಡುಗೀರಿಗೆ ಬರ್ತದಾ? ಅವರು ಟೋಪಿ ನೋಡ್ಕಂಡು ಕೂರೋದು, ನೀವು ಪುರಾಣದ ಹಂಗೆ ಓದೋದು. ಅದಕ್ಕೆ ಮಳಿಗೆ ಯಾಕೆ, ಕಟ್ಟೆ ಸಾಕು ಮಾರಾಯ್ರೆ."

 ಮಾಸ್ತರ್ ಎಲೆಯ ಚೀಲವನ್ನು ಮತ್ತೆ ಕಟ್ಟಿದರು. ಬಗ್ಗಿ ಮಷೀನು ಆರಿಸಲು ಕೈ ಚಾಚಿದರು. ಕಂಬಳಿ ಎಲ್ಲಿದೆ ಎಂದು ನಾನು ಹುಡುಕತೊಡಗಿದೆ.

"ತಡೀರಿ" ಎಂದರು ಸಾಹುಕಾರರು. ಒಲ್ಲೆ ಎಂದ ಮೂಟೆ ಇದು. ಆದರೂ ಕೈ ತಳಕ್ಕೆ ಇಳಿಯಿತು. "ತಳದಾಗೆ ಒಂದು ಸಾಲು ಓಡ್ತಾ ಇದೆಯಲ್ಲ, ಅದೆಂತ?"

"ಅದು ಜಾಹೀರಾತು."

"ಇರಲಿ, ಓದಿ. ತಳ ನೋಡದೆ ಕಳಿಸಿದ ಮೂಟೆ ಇಲ್ಲ ನನ್ನ ಹತ್ರ."

ಮಾಸ್ತರ್ ಗಾಜಿಗೆ ಮುಖ ತಂದರು. ಓಡುವ ಸಾಲು ಒಂದು ಸಲ ಹಾದುಹೋಯಿತು. ಅವರ ತುಟಿ ಅಲುಗಿತು. ಎರಡನೇ ಸಲ ಹಾದುಹೋಯಿತು. ಅವರ ತುಟಿ ನಿಂತಿತು. ಕಿವಿಯ ಹಿಂಭಾಗ ಕೆಂಪಾದುದನ್ನು ನಾನು ನಿಂತಲ್ಲಿಂದಲೇ ಕಂಡೆ. ಸಾಲು ಮತ್ತೆ ಬಂತು, ಮತ್ತೆ ಹೋಯಿತು.

ಒಂದು ಮಾತು ಹೇಳಬೇಕು. ಆ ಕೋಣೆಯಲ್ಲಿ, ಪ್ರಾಯಶಃ ಎರಡೂ ತಾಲ್ಲೂಕಿನಲ್ಲಿ, ಆ ಸಾಲನ್ನು ಓದಬಲ್ಲವರು ಅವರೊಬ್ಬರೇ. 'ತಲೆನೋವಿನ ಮಾತ್ರೆ' ಎಂದಿದ್ದರೆ ಮುಗಿಯುತ್ತಿತ್ತು. ಸುಳ್ಳೆಂದು ಹೇಳಬಲ್ಲ ಗಂಡಸು ಹೆಂಗಸು ಯಾರೂ ಇರಲಿಲ್ಲ. ಮಳಿಗೆ ಹೇಗೂ ಹೋಗಿತ್ತು. ಮಾನವನ್ನಾದರೂ ಕಂಬಳಿಯಲ್ಲಿ ಸುತ್ತಿಕೊಂಡು ಊರಿಗೆ ಹೋಗಬಹುದಿತ್ತು.

"ಎಂತ ಮೇಷ್ಟ್ರೇ? ಬರೋದಿಲ್ಲನಾ?" ಎಂದರು ರೈಟರು. ಕರಡಿಯ ಅವಮಾನ ಅವರಿಗಿನ್ನೂ ಆರಿರಲಿಲ್ಲ.

ಮಾಸ್ತರ್ ಗಂಟಲು ಸರಿಮಾಡಿಕೊಂಡರು. ಡಿಕ್ಟೇಶನ್ ಕೊಡುವ ಧ್ವನಿಯಲ್ಲಿ, ಒಂದೊಂದೇ ಪದ ಬಿಡಿಸಿ, ಗಟ್ಟಿಯಾಗಿ ಓದಿದರು:

"ಓದುಗರ ಗಮನಕ್ಕೆ. ಅಕ್ಷರಗಳು, ಸರಿಯಾಗಿ, ಕಾಣದಿದ್ದಲ್ಲಿ, ನಮ್ಮ ಫಾಂಟ್, ಪಡೆಯಲು, ಇಲ್ಲಿ, ಒತ್ತಿ."

 ಹೊರಗೆ ಬಸ್ಸೊಂದು ರಿವರ್ಸು ತೆಗೆದುಕೊಂಡಿತು. ಅಕ್ಷರ ಕಾಣದವರಿಗೆ ಉಪಾಯ ಹೇಳುವ ಸಾಲನ್ನು, ಅದೇ ಕಾಣದ ಅಕ್ಷರದಲ್ಲಿ ಬರೆದು, ಮೇಲೆ ಓಡಲೂ ಬಿಟ್ಟಿದ್ದ ಆ ಬೆಂಗಳೂರಿನ ಮಹಾನುಭಾವನಿಗೆ ನಾನು ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ.

ಸಾಹುಕಾರರು ಮೊದಲು ಚೇತರಿಸಿಕೊಂಡರು. "ಇದು ಮೊದಲಿಂದ ಓಡ್ತಿತ್ತಾ?"

"ಓಡ್ತಿತ್ತು" ಎಂದರು ಮಾಸ್ತರ್.

"ನೀವು ಎಷ್ಟು ದಿನದಿಂದ ಓದ್ತಿದ್ರಿ ಈ ಪುಟಾನ?"

"ಬಾಳ ದಿನ."

"ಹಂಗಾದ್ರೆ ಒತ್ತಿ ಮಾರಾಯ್ರೆ!"

ಮಾಸ್ತರ್ ಒತ್ತಿದರು. ಇಂಗ್ಲಿಷಿನಲ್ಲಿ ಪ್ರಶ್ನೆ ಬಂತು, ನಾನು ಹೌದು ಎನ್ನಿಸಿದೆ. ಕಾಫಿ ತರಿಸಿ, ಕುಡಿದು, ಲೋಟ ತೊಳೆದಿಡುವಷ್ಟು ಹೊತ್ತು ಫಾಂಟು, ಅಂದರೆ ಟೋಪಿ 'ಎ'ಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸುವ ಅಚ್ಚು, ಇಳಿಯಿತು. ಪುಟ ಮುಚ್ಚಿ ತೆರೆದೆವು. ಕನ್ನಡ ಬಂದಿತ್ತು. ಪೂರ್ತಿಯಲ್ಲ, ಅಲ್ಲೊಂದು ಇಲ್ಲೊಂದು ಅಕ್ಷರ ಬಾಲ ಬಿಟ್ಟುಕೊಂಡು ಹಾಗೇ ನಿಂತಿತ್ತು. ನಾವು ಆವತ್ತು ತುರ್ಕಿಯಲ್ಲಿ ಕೂತವರು ಅಲ್ಲಿಂದ ಎದ್ದೇ ಇರಲಿಲ್ಲ ಎಂಬುದು ನನಗೆ ನೆನಪಾಯಿತು. ಮೆನು ತೆರೆದು, ಪಟ್ಟಿಯ ಕೊನೆಯಲ್ಲಿದ್ದ, ಯಂತ್ರ ಮೊದಲಿಂದ ಇದ್ದ, ನಾವು ಆ ದಿನ ಮತ್ತೆ ತಿರುಗಿಯೂ ನೋಡದ ಪಶ್ಚಿಮ ಯುರೋಪನ್ನು ಒತ್ತಿದೆ. ಉಳಿದ ಬಾಲಗಳೂ ಉದುರಿದವು. ಪುಟದ ತುಂಬ ಗುಂಡಗುಂಡನೆಯ ಕನ್ನಡ.

ಸಾಹುಕಾರರು ಎದ್ದು ಬಂದು ಗಾಜಿನ ಮುಂದೆ ಕೂತರು. ಬೆರಳಿಟ್ಟು, ತಾವೇ, ಜೋರಾಗಿ ಓದಿದರು: "ಹೋಟೆಲಿಗೆ ನುಗ್ಗಿದ ಕರಡಿ." ಮಕ್ಕಳಂತೆ ನಕ್ಕರು. ರೈಟರು ಬಗ್ಗಿ ಓದಿದರು. ಎದುರಿನ ಚಹದಂಗಡಿಯವನೂ ಬಂದು ಓದಿದ. ಮಾಸ್ತರನ್ನು ಓದಲು ಯಾರೂ ಕೇಳಲಿಲ್ಲ. ಅವರು ಮೂಟೆಯೊಂದರ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಒಂದೇ ಎಲೆಗೆ ಬಹಳ ಹೊತ್ತು ಹಚ್ಚಿದರು.

ವಾಪಸು ಬರುವ ಬಸ್ಸಿನಲ್ಲಿ ನಾನು ಮೆಲ್ಲಗೆ ಕೇಳಿದೆ. "ಆ ಸಾಲು ಜಾಹೀರಾತು ಅಂತಲೇ ಅಂದುಬಿಡಬಹುದಿತ್ತಲ್ಲ ಮಾಸ್ತರ್ರೇ?"

ಅವರು ನನ್ನನ್ನು ಕಿರುಬೆರಳು ಮಲಗಿಸಿದ ವಿದ್ಯಾರ್ಥಿಯನ್ನು ನೋಡುವ ಹಾಗೆ ನೋಡಿದರು.

"ಕಾಪಿಯಾಗ ಇತ್ತಲ್ರೀ" ಎಂದರು.

ಸೊರಬದ ಬಸ್‌ ಸ್ಟ್ಯಾಂಡಿನಲ್ಲಿ ಅವರಿಗೆ 'ಇಲ್ಲಿ ಒತ್ತಿ ಮೇಷ್ಟ್ರು' ಎಂದು ಹೆಸರು ಬಿತ್ತು. ಹೆಸರಿಟ್ಟವರು ರೈಟರು. ಶ್ರದ್ಧಾಂಜಲಿ ಸಭೆಗೆ ಸೊರಬದಿಂದ ಬಂದ ಅವರ ಹಳೆಯ ವಿದ್ಯಾರ್ಥಿನಿಯರು, ಈಗ ಕಚೇರಿಗಳಲ್ಲಿ ನಡುವಯಸ್ಸಿಗೆ ಬಂದವರು, ಪರಸ್ಪರ ಮಾತಾಡುವಾಗ ಆ ಹೆಸರನ್ನೇ ಹೇಳಿ ಕಣ್ಣೊರೆಸಿಕೊಂಡರು.

ಮಳಿಗೆ ಮಾಸ್ತರಿಗೇ ಸಿಕ್ಕಿತು. ಬೇಕರಿಯವನು ಪಕ್ಕದ ಸಾಲಿನಲ್ಲಿ ಅಂಗಡಿ ಹಾಕಿದ. ಆ ಕಂಪ್ಯೂಟರನ್ನು ಸೊರಬದಲ್ಲೇ ಇಟ್ಟು, ಶಿಕಾರಿಪುರಕ್ಕೆ ಇನ್ನೊಂದನ್ನು ತಂದುಕೊಂಡರು. ಅದರಲ್ಲಿ ಅವರು ದಿನಾ ಸಂಜೆ ಪತ್ರಿಕೆ ಓದುತ್ತಿದ್ದರು. ಅದಕ್ಕೆ ಫಾಂಟು ಹಾಕಲಿಲ್ಲ.